ನಮ್ಮ ಬೀದಿಗೆ ಹಸಿವು ಬರುವ ಹೊತ್ತು

ನಮ್ಮ ಊರಿನಲ್ಲಿ ಹಸಿವು ಎಲ್ಲರಿಗೂ ಒಂದೇ ಹೊತ್ತಿಗೆ ಆಗುವುದಿಲ್ಲ. ಅದು ಬೀದಿಯಿಂದ ಬೀದಿಗೆ ಬರುತ್ತದೆ. ನೀರಿನ ಟ್ಯಾಂಕಿನ ಕಡೆಯಿಂದ ಹೊರಟು ಹನ್ನೊಂದೂವರೆಗೆ ಕುಂಬಾರಗೇರಿ ಮುಗಿಸಿ, ಹನ್ನೆರಡಕ್ಕೆ ಕೋಟೆ ಬೀದಿ, ಹನ್ನೆರಡೂವರೆಗೆ ಪೇಟೆ, ಸರಿಯಾಗಿ ಒಂದು ಗಂಟೆಗೆ ನಮ್ಮ ಗಾಣದ ಬೀದಿ. ಬಸ್ ಸ್ಟ್ಯಾಂಡಿನ ಹಿಂದಿನವರಿಗೆ ಎರಡಾಗುತ್ತದೆ. ಅವರು ಹುಟ್ಟಿನಿಂದ ಅದಕ್ಕೆ ಒಗ್ಗಿದವರು, ಗೊಣಗುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಕೋಟೆ ಬೀದಿಯ ಗುಮಾಸ್ತರು ಪೆನ್ನಿನ ಕ್ಯಾಪ್ ಮುಚ್ಚಿ ಬುತ್ತಿ ಬಿಚ್ಚಿದರೆ ಪಕ್ಕದ ಮೇಜಿನ ಪೇಟೆಯವರು ಏನೂ ಆಗದವರ ಹಾಗೆ ಇನ್ನೂ ಅರ್ಧ ಗಂಟೆ ಬರೆಯುತ್ತಿರುತ್ತಾರೆ. ಮದುವೆಯಾಗಿ ಬೇರೆ ಬೀದಿಗೆ ಹೋದ ಹುಡುಗಿಗೆ ಒಂದು ತಿಂಗಳು ತವರಿನ ಹೊತ್ತಿಗೇ ಹಸಿವಾಗುತ್ತದೆ. ಅತ್ತೆ ಒಳ್ಳೆಯವಳಾದರೆ ಆ ಒಂದು ತಿಂಗಳು ಸೊಸೆಗೆ ಮೊದಲೇ ಬಡಿಸಿಬಿಡುತ್ತಾಳೆ. ನಾನು ಕುಂಬಾರಗೇರಿಯಿಂದ ಬಂದವಳು. ನನ್ನ ಅತ್ತೆ ಹೊಂಬಾಳಮ್ಮನವರು ಒಂದಲ್ಲ, ಮೂರು ತಿಂಗಳು ಮೊದಲೇ ಬಡಿಸಿದರು. ಎಂಥ ಒಳ್ಳೆಯ ಅತ್ತೆ ಸಿಕ್ಕಿದರು ಎಂದು ತವರಿನಲ್ಲೆಲ್ಲ ಹೇಳಿಕೊಂಡು ಬಂದಿದ್ದೆ.

ನನ್ನ ಹೆಸರು ಮುಕ್ತಾ. ಮೇಲಿನ ಶಾಲೆಯಲ್ಲಿ ಗಂಟೆ ಹೊಡೆಯುವುದು ನನ್ನ ಕೆಲಸ. ಬೇರೆ ಊರಿನ ಶಾಲೆಗಳಲ್ಲಿ ಊಟಕ್ಕೆ ಒಂದೇ ಗಂಟೆಯಂತೆ. ನಮ್ಮಲ್ಲಿ ಬೀದಿಗೊಂದು. ಜಗಲಿಯ ತೊಲೆಗೆ ತೂಗುಹಾಕಿದ ರೈಲು ಹಳಿಯ ತುಂಡಿಗೆ ಕುಂಬಾರಗೇರಿಗೆ ಎರಡು ಪೆಟ್ಟು, ಕೋಟೆ ಬೀದಿಗೆ ಮೂರು, ಪೇಟೆಗೆ ನಾಲ್ಕು, ಗಾಣದ ಬೀದಿಗೆ ಐದು. ನಿಜ ಹೇಳಬೇಕೆಂದರೆ ನನ್ನ ಗಂಟೆ ಬರೀ ಅಪ್ಪಣೆ ಅಷ್ಟೆ. ಅದಕ್ಕೂ ಒಂದು ನಿಮಿಷ ಮೊದಲೇ ಆ ಬೀದಿಯ ಮಕ್ಕಳು ಬೆಂಚಿನ ಮೇಲೆ ಕೂತಲ್ಲಿ ಕೂರಲಾರದೆ ಚೀಲಕ್ಕೆ ಕೈ ಹಾಕಿರುತ್ತಾರೆ. ಬೀದಿಗೆ ಬಂದ ಹಸಿವು ಆ ಬೀದಿಯವರಿಗೆ ಊರಿನೊಳಗೆ ಎಲ್ಲಿದ್ದರೂ ತಲುಪುತ್ತದೆ.

ಹಿಂದೆಲ್ಲ ಮನೆಯಲ್ಲಿದ್ದವರು ಆ ಹೊತ್ತಿಗೆ ಹೊಸ್ತಿಲು ತೊಳೆದು, ಬಾಗಿಲು ತೆರೆದಿಟ್ಟು, ನಡುಮನೆಯಲ್ಲಿ ಒಂದು ಖಾಲಿ ಮಣೆ ಹಾಕುತ್ತಿದ್ದರು. ಹಸಿವು ಬಂದು ಕೂರುತ್ತಿತ್ತು. ಆಮೇಲೆ ಎಲ್ಲರೂ ಉಣ್ಣುತ್ತಿದ್ದರು. ಊಟ ಮುಗಿಯುತ್ತಿದ್ದಂತೆ ಅದು ಎದ್ದು ಹೋಗುತ್ತಿತ್ತು. ಸಾಕು ಎಂದು ತಿಳಿಯುತ್ತಿದ್ದದ್ದೇ ಹಾಗೆ. ಈಗ ಯಾರ ಮನೆಯಲ್ಲಿ ಮಣೆ ಇದೆ? ಮೂಲೆಗೊಂದು ಅಂಗಡಿ, ಅಂಗಡಿಯ ಮುಂದೆ ತೋರಣ ಕಟ್ಟಿದ ಹಾಗೆ ಜರಿಜರಿ ಪೊಟ್ಟಣಗಳು. ಯಾವಾಗ ಬೇಕಾದರೂ ಹರಿದು ಬಾಯಿಗೆ ಹಾಕಿಕೊಳ್ಳಬಹುದು. ಹಸಿವು ಬಂದು ಬಾಗಿಲಲ್ಲಿ ಇಣುಕುತ್ತದೆ. ಒಳಗೆ ಎಲ್ಲರ ಬಾಯಿ ಆಡುತ್ತಿರುತ್ತದೆ, ಎಲ್ಲರ ಕಣ್ಣು ಮೊಬೈಲಿನಲ್ಲಿ. ತಲೆಯೆತ್ತಿ ನೋಡುವವರಿಲ್ಲ. ಒಂದಷ್ಟು ದಿನ ಹಾಗೆ ನಿಂತು ನೋಡಿ, ಆಮೇಲೆ ಆ ಮನೆಯನ್ನು ದಾಟಿಕೊಂಡು ಹೋಗಲು ಶುರು ಮಾಡುತ್ತದೆ. ಹಾಗೆಂದು ಆ ಮನೆಯವರೇನೂ ಸೊರಗುವುದಿಲ್ಲ. ಗಡಿಯಾರ ನೋಡಿ ತಿನ್ನುತ್ತಾರೆ, ಪೊಟ್ಟಣದ ಬಣ್ಣ ನೋಡಿ ತಿನ್ನುತ್ತಾರೆ. ಯಾವಾಗ ನಿಲ್ಲಿಸಬೇಕು ಎಂದು ಮಾತ್ರ ಅವರಿಗೆ ಗೊತ್ತಾಗುವುದಿಲ್ಲ.

ದೊಡ್ಡವರಾದರೆ ಹೇಗೋ ನಡೆಯುತ್ತದೆ, ಒಂದು ಕಾಲಕ್ಕೆ ಹಸಿವಿನ ಪರಿಚಯ ಇದ್ದವರು. ಆದರೆ ಹನ್ನೆರಡು ವರ್ಷ ತುಂಬುವುದರೊಳಗೆ ಒಮ್ಮೆಯಾದರೂ ಹಸಿವು ಬಂದು ಹೋಗದಿದ್ದರೆ ಆ ಮಗುವಿಗೆ ಅದು ಮತ್ತೆ ಯಾವತ್ತೂ ಬರುವುದಿಲ್ಲ. ಹಿಟ್ಟಿನ ಗಿರಣಿಯ ಗುರುಬಸಪ್ಪನವರು ಅಂಥವರು. ನಲವತ್ತು ವರ್ಷದ ಗಟ್ಟಿ ಆಳು. ಗಿರಣಿಯ ಗೋಡೆ ಗಡಿಯಾರ ನೋಡಿ ಊಟಕ್ಕೆ ಕೂರುತ್ತಾರೆ, ಹೆಂಡತಿ ಬಂದು ಭುಜದ ಮೇಲೆ ಕೈಯಿಟ್ಟಾಗ ನಿಲ್ಲಿಸುತ್ತಾರೆ. ಹೋದ ವರ್ಷ ಆಕೆ ತಂಗಿಯ ಹೆರಿಗೆಗೆಂದು ಎಂಟು ದಿನ ಪರವೂರಿಗೆ ಹೋದಾಗ ಅವರನ್ನು ಎರಡು ಸಲ ಆಸ್ಪತ್ರೆಗೆ ಸೇರಿಸಬೇಕಾಯಿತು. ಆ ಸುದ್ದಿ ಕೇಳಿ ಗಾಣದ ಬೀದಿಯವರು ನಕ್ಕರು. ಅವರ ಜೊತೆ ನಾನೂ ನಕ್ಕಿದ್ದೆ.

ನನ್ನ ಮಗಳು ಇಂಪನಾ ಅದೇ ಶಾಲೆಯಲ್ಲಿ ಆರನೇ ತರಗತಿ. ಅವರೆಕಾಯಿ ಕಾಲ ಶುರುವಾಗಿತ್ತು, ಅವಳಿಗೆ ಹನ್ನೆರಡು ತುಂಬುವುದಕ್ಕೆ ಇಪ್ಪತ್ತು ದಿನ ಉಳಿದಿತ್ತು. ಒಂದು ದಿನ ಐದು ಪೆಟ್ಟು ಹೊಡೆದು ಸುತ್ತಿಗೆ ಇಡುತ್ತಿದ್ದಾಗ ಅವಳ ಟೀಚರ್ ದಾಕ್ಷಾಯಿಣಿ ಹತ್ತಿರ ಬಂದರು. "ಮುಕ್ತಕ್ಕ, ಬೇಜಾರ್ ಮಾಡ್ಕೋಬೇಡಿ. ಗಾಣದ ಬೀದಿ ಮಕ್ಕಳೆಲ್ಲ ಎದ್ದು ಹೋದ್ರೂ ಇಂಪನಾ ಏಳಲ್ಲ. ನಾನು ಹೇಳ್ಬೇಕು, ಆಗ ಏಳ್ತಾಳೆ. ವರ್ಷದಿಂದ ನೋಡ್ತಿದ್ದೀನಿ" ಎಂದರು. ಅವಳಿಗೆ ಓದಿನ ಹುಚ್ಚು ಎಂದು ಏನೋ ಸಮಜಾಯಿಷಿ ಕೊಟ್ಟೆ. ಸಂಜೆ ಮನೆಗೆ ನಡೆದು ಬರುವಾಗ ಮೆಲ್ಲಗೆ ಕೇಳಿದೆ, "ನಿಂಗೆ ಮಧ್ಯಾಹ್ನ ಹಸಿವಾಗಲ್ವೇನೇ?"

ಅವಳು ಲೆಕ್ಕದ ಉತ್ತರ ಯೋಚಿಸುವ ಹಾಗೆ ಯೋಚಿಸಿದಳು. "ಹಸಿವು ಅಂದ್ರೆ ಹೆಂಗಿರುತ್ತಮ್ಮ? ಹೊಟ್ಟೆನೋವಿನ ಥರಾನಾ?"

ಊರಿನ ಮಕ್ಕಳಿಗೆಲ್ಲ ಹಸಿವಿನ ಗಂಟೆ ಹೊಡೆಯುವವಳು ನಾನು. ನನ್ನ ಮಗಳು ನನ್ನನ್ನು ಈ ಮಾತು ಕೇಳಿದಳು. ಆವತ್ತು ನನಗೆ ಬಂದಷ್ಟು ನಾಚಿಕೆ ಜೀವನದಲ್ಲಿ ಬಂದಿರಲಿಲ್ಲ. ಮನೆ ಮುಟ್ಟುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಎದ್ದಿತು. ನನಗೆ ಕೊನೆಯ ಸಲ ಹಸಿವಾದದ್ದು ಯಾವಾಗ? ಗಂಟೆಗಳ ನಡುವೆ ಟೀ, ಟೀಗೆ ನಾಲ್ಕು ಬಿಸ್ಕತ್ತು, ಸಂಜೆ ಮೊಬೈಲಿನಲ್ಲಿ ಏನೋ ನೋಡುತ್ತಾ ತಟ್ಟೆ ಖಾಲಿ. ನನ್ನ ಗಂಡ ಪಂಚಾಕ್ಷರಿ ಲೈನ್‌ಮನ್. ಅವರು ಕಂಬದ ಬುಡದಲ್ಲಿ ನಿಂತೇ ತಿನ್ನುವವರು. ಎಷ್ಟು ಹಿಂದಕ್ಕೆ ಹೋದರೂ ನೆನಪಾಗಲಿಲ್ಲ. ಹಸಿವು ನಮ್ಮ ಮನೆಯನ್ನೇ ಬಿಟ್ಟು ಎಷ್ಟೋ ಕಾಲವಾಗಿತ್ತು, ನಮಗೆ ಗೊತ್ತೇ ಆಗಿರಲಿಲ್ಲ.

ಮೊದಮೊದಲು ನಾನು ಮಾಡಿದ್ದೆಲ್ಲ ದಡ್ಡತನ. ರುಚಿ ಹೆಚ್ಚಾದರೆ ಹಸಿವು ತಾನಾಗಿ ಬರುತ್ತದೆಂದುಕೊಂಡು ಮೊಬೈಲಿನಲ್ಲಿ ನೋಡಿ ನಾಲ್ಕು ಖಾನೆಯ ಡಬ್ಬಿ ತಂದೆ. ಕ್ಯಾರೆಟ್ಟನ್ನು ನಕ್ಷತ್ರದ ಆಕಾರಕ್ಕೆ ಕತ್ತರಿಸಿದೆ. ಚಪಾತಿಗೆ ಬೀಟ್‌ರೂಟ್ ಬೆರೆಸಿ ಕೆಂಪು ಮಾಡಿದೆ, ಪಾಲಕ್ ಬೆರೆಸಿ ಹಸಿರು ಮಾಡಿದೆ. ಇಂಪನಾ ಎಲ್ಲವನ್ನೂ ತಿಂದಳು. ಹೋಮ್‌ವರ್ಕ್ ಮುಗಿಸುವ ಹಾಗೆ ಒಂದೊಂದೇ ಖಾನೆ ಮುಗಿಸಿ ಡಬ್ಬಿ ತೊಳೆದು ತಂದಳು. ಒಂದು ದಿನ ಗಡಿಬಿಡಿಯಲ್ಲಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಶಾಲೆಯಲ್ಲಿ ನಾನು ಒಂದು ತುತ್ತು ಬಾಯಿಗಿಟ್ಟು ಬೆಚ್ಚಿಬಿದ್ದು ಅವಳ ತರಗತಿಗೆ ಓಡಿದೆ. ಅವಳು ಅಷ್ಟನ್ನೂ ಉಂಡು ಮುಗಿಸಿದ್ದಳು. "ಉಪ್ಪು ಇರ್ಲಿಲ್ವಲ್ಲೇ!" ಎಂದೆ. "ಹೌದಾ?" ಎಂದಳು. ಗುರುಬಸಪ್ಪನವರ ಭುಜದ ಮೇಲಿನ ಕೈ ನೆನಪಾಯಿತು. ನಾನು ಸತ್ತ ಮೇಲೆ ಇವಳ ಭುಜದ ಮೇಲೆ ಯಾರು ಕೈ ಇಡುತ್ತಾರೆ?

ಆ ವಾರ ಯೂನಿಫಾರ್ಮ್ ಒಗೆಯುವಾಗ ಜೇಬಿನಿಂದ ಹುರಿಗಡಲೆ ಸಿಪ್ಪೆ, ಬೆಲ್ಲದ ಅಂಟು, ಕೊಬ್ಬರಿ ಚೂರು ಬಂದವು. ಕೇಳಿದರೆ ಅವಳೇನೂ ಮುಚ್ಚಿಡಲಿಲ್ಲ. "ಅಜ್ಜಿ ದಿನಾ ಕೊಡ್ತಾರೆ. ನಾಲ್ಕು ಪೆಟ್ಟು ಕೇಳಿದ ತಕ್ಷಣ ಬಾಯಿಗೆ ಹಾಕ್ಕೋ, ಐದು ಪೆಟ್ಟಿಗೆ ಕಾಯ್ಬೇಡ ಅಂದಿದ್ದಾರೆ."

ನನ್ನ ಮೈಯೆಲ್ಲ ಉರಿದುಹೋಯಿತು. ಸಂಜೆ ನಾನು ಪೊಟ್ಟಣ ಕೊಟ್ಟು ಮೊಬೈಲ್ ಕೊಟ್ಟು ಕೂರಿಸುತ್ತಿದ್ದುದು ಆ ಹೊತ್ತಿಗೆ ಮರೆತೇಹೋಗಿತ್ತು. ಅತ್ತೆ ಹಿತ್ತಲ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸೊಂಟದಲ್ಲಿ ಯಾವತ್ತಿನ ಹಾಗೆ ಬಟ್ಟೆಯ ಚೀಲ. ಅದನ್ನು ನಾನು ಹದಿನಾಲ್ಕು ವರ್ಷದಿಂದ ಎಲೆಅಡಿಕೆ ಚೀಲ ಎಂದುಕೊಂಡಿದ್ದೆ. ಈಗ ನೋಡಿದರೆ ಅದರ ಬಾಯಿಯಲ್ಲಿ ಬೆಲ್ಲದ ಅಚ್ಚು ಕಾಣುತ್ತಿತ್ತು.

"ಅತ್ತೆ, ಮಗೂಗೆ ಹಸಿವು ಬರೋಕ್ಕೇ ಬಿಟ್ಟಿಲ್ವಲ್ಲ ನೀವು. ಇನ್ನು ಹದಿನೈದು ದಿನ ಐತೆ ಅಷ್ಟೆ. ಗುರುಬಸಪ್ಪನ ಥರ ಆಗ್ಬೇಕಾ ಅವ್ಳು?"

ಅತ್ತೆಯ ಕೈ ನಿಲ್ಲಲಿಲ್ಲ. "ಆಗ್ಲಿ. ಗುರುಬಸಪ್ಪ ಬದುಕವ್ನಲ್ಲ" ಎಂದರು.

ನಾನು ಇನ್ನೇನೋ ಹೇಳುವುದಕ್ಕೆ ಬಾಯಿ ತೆರೆದೆ. ಅವರು ಮೊರದಿಂದ ತಲೆಯೆತ್ತದೆ ಮಾತಾಡಿದರು. "ನಂಗಾಗ ಎಂಟು ವರ್ಷ. ಎರಡು ವರ್ಷ ಮಳೆ ಇರ್ಲಿಲ್ಲ. ಒಂದಿನ ಮಧ್ಯಾಹ್ನ ಅದು ದಿನದ ಹಂಗೇ ಬಂತು. ನಮ್ಮವ್ವ ದಿನದ ಹಂಗೇ ಮಣೆ ಹಾಕಿದ್ಲು. ಇಕ್ಕಾಕೆ ಏನೂ ಇರ್ಲಿಲ್ಲ. ಬಂದದ್ದು ಹೋಗ್ಲೇ ಇಲ್ಲ ಕಣೇ. ಕೂತೇ ಇತ್ತು. ಏಳು ತಿಂಗ್ಳು. ನಾವು ಮಲಗಿದ್ರೂ ಕೂತಿರೋದು, ಎದ್ರೂ ಕೂತಿರೋದು. ನನ್ ತಂಗಿ ಕೆಂಪಿಗೆ ನಾಲ್ಕು ವರ್ಷ. ಮಣೆ ಕಡೆ ನೋಡಿ ಹೆದರ್ಕೊಂಡು ನನ್ ಲಂಗ ಹಿಡ್ಕೊಳ್ಳೋಳು. ಕೊನೆಗೆ ಎದ್ದು ಹೋಯ್ತಲ್ಲ, ಅವಳನ್ನ ಕರ್ಕೊಂಡೇ ಹೋಯ್ತು." ಮೊರದಲ್ಲಿದ್ದ ಸಿಪ್ಪೆಯನ್ನು ಪಕ್ಕಕ್ಕೆ ಗುಡ್ಡೆ ಹಾಕಿದರು. "ಆವತ್ತಿಂದ ಇವತ್ತಿನವರೆಗೆ ಅದನ್ನ ಒಳಕ್ಕೆ ಬಿಟ್ಟಿಲ್ಲ ನಾನು. ಅದು ಬೀದಿ ಕೊನೇಲಿ ಇದೆ ಅನ್ನೋವಾಗ್ಲೇ ಬಾಯಿಗೆ ಏನಾದ್ರೂ ಹಾಕ್ಕೋತೀನಿ. ನನ್ ಮಗ್ನಿಗೂ ಹಾಕ್ದೆ, ಅವ್ನು ಒಂದೆರಡು ಸಲ ಕೈತಪ್ಪಿ ಹೊರಗೆ ಹಸ್ಕೊಂಡ. ನಿಂಗೂ ಮೂರು ತಿಂಗ್ಳು ಹಾಕ್ದೆ. ಈಗ ಇವ್ಳಿಗೆ ಹಾಕ್ತೀನಿ."

ನಾನು ಅವರ ಪಕ್ಕ ಕೂತು ಅವರೆಕಾಯಿ ಸುಲಿದೆ. ಆಮೇಲೆ ಒಳಗೆ ಹೋಗಿ ಒಬ್ಬಳೇ ಕೂತು ಅತ್ತುಬಿಟ್ಟೆ. ಕೆಂಪಿಗಾಗಿಯೋ ಇಂಪನಾಳಿಗಾಗಿಯೋ ನನಗೇ ತಿಳಿಯಲಿಲ್ಲ. ಮನೆಗೆ ಬಂದ ಗಂಡನಿಗೆ ಎಲ್ಲ ಹೇಳಿದರೆ, "ನೀನ್ ಹೇಳೋದೂ ಸರಿ, ಅವ್ವ ಹೇಳೋದೂ ಸರಿ" ಎಂದು ಟಿವಿ ಹಾಕಿದರು. ಮನೆ ಬಿಟ್ಟ ಹಸಿವನ್ನು ಮತ್ತೆ ಕರೆಯುವುದಾದರೆ ಮನೆಯಲ್ಲೇ, ಎಲ್ಲರೂ ಕೂಡಿ ಕಾಯಬೇಕು ಎನ್ನುವುದು ಕುಂಬಾರಗೇರಿಯ ಹಳಬರ ಮಾತು. ಎಲ್ಲರೂ ಮನೆಯಲ್ಲಿರುವುದು ಭಾನುವಾರ ಮಾತ್ರ. ಉಳಿದದ್ದು ಎರಡು ಭಾನುವಾರ.

ಮೊದಲನೆಯ ಭಾನುವಾರ ಪೊಟ್ಟಣಗಳನ್ನೆಲ್ಲ ಬಾಚಿ ಯಾರಿಗೂ ಕೊಡದೆ ಕಸಕ್ಕೆ ಹಾಕಿದೆ. ಮೊಬೈಲುಗಳನ್ನು ಅಕ್ಕಿ ಡಬ್ಬದ ಮೇಲಿಟ್ಟೆ. ಅಟ್ಟದಿಂದ ಮಣೆ ಇಳಿಸಿ ತೊಳೆದೆ. ಅಡುಗೆ ನಾನೊಬ್ಬಳೇ ಮಾಡಬಾರದೆಂದು ಇಂಪನಾಳನ್ನೂ ಕರೆದುಕೊಂಡೆ. ಅವಳು ಸೊಪ್ಪು ಬಿಡಿಸಿದಳು, ಬೆಳ್ಳುಳ್ಳಿ ಸುಲಿದಳು, ಒಗ್ಗರಣೆ ಚಟಪಟ ಎಂದಾಗ ಹಿಂದಕ್ಕೆ ಹಾರಿ ನಕ್ಕಳು. ಎಲ್ಲ ಚೆನ್ನಾಗಿಯೇ ಇತ್ತು. ಒಂದಕ್ಕೆ ಹತ್ತು ನಿಮಿಷವಿರುವಾಗ ನನ್ನ ಗಂಡ ಹೊರಗಿನಿಂದ ಬಂದರು. ಕೈಯಲ್ಲಿ ಬಿಸಿಬಿಸಿ ಪಫ್ಸ್. "ಪಾಪ, ಮಗು ಬೆಳಗ್ಗಿಂದ ಕೆಲಸ ಮಾಡ್ತಾ ಇದೆಯಲ್ಲ ಅಂತ ತಂದೆ" ಎಂದರು. ನಾನು ಅಡುಗೆಮನೆಯಿಂದ ಈಚೆಗೆ ಬರುವುದರೊಳಗೆ ಇಂಪನಾ ಅರ್ಧ ಮುಗಿಸಿದ್ದಳು. ಅತ್ತೆಯ ಮುಖದಲ್ಲಿ ನೆಮ್ಮದಿ ಕಾಣುತ್ತಿತ್ತು. ಆ ಮನುಷ್ಯನಿಗೆ ನಾನು ಏನೇನೆಂದೆ ಎನ್ನುವುದು ಇಲ್ಲಿ ಬೇಡ. ಮೂರು ದಿನ ಅವರು ನನ್ನ ಕಣ್ಣಿಗೆ ಬೀಳದ ಹಾಗೆ ಓಡಾಡಿದರು.

ಶನಿವಾರ ಸಂಜೆ ಅತ್ತೆ ಒಬ್ಬರೇ ಇದ್ದಾಗ ಅವರ ಎದುರು ಹೋಗಿ ಕೂತೆ. ಆ ವಾರವಿಡೀ ಯೋಚಿಸಿ ಒಂದೇ ಒಂದು ಮಾತು ಕಂಡುಕೊಂಡಿದ್ದೆ. "ಅತ್ತೆ, ಆವತ್ತು ನಿಮ್ಮ ಅವ್ವನ ಹತ್ರ ಇಕ್ಕೋಕೆ ಏನೂ ಇರ್ಲಿಲ್ಲ. ಇವತ್ತು ನಮ್ಮನೇಲಿ ರಾಗಿ ಐತೆ, ಕಾಳು ಐತೆ, ಒಲೆ ಮೇಲೆ ಸಾರು ಇರ್ತದೆ. ಅದು ಬಂದ್ರೆ ಕೊಟ್ಟು ಕಳಿಸ್ಬೋದು. ಕೊಡೋಕೆ ಇದ್ದೂ ಬಾಗ್ಲು ಹಾಕ್ಕೊಂಡ್ರೆ ಹೆಂಗೆ?" ಅವರು ದೀಪಕ್ಕೆ ಎಣ್ಣೆ ಹಾಕಲು ಎದ್ದು ಹೋದರು. ಇನ್ನು ನನ್ನ ಕೈಯಲ್ಲಿ ಏನೂ ಉಳಿದಿಲ್ಲ ಎನ್ನಿಸಿತು. ಗುರುವಾರ ಇಂಪನಾಳ ಹುಟ್ಟುಹಬ್ಬ.

ಭಾನುವಾರ ಬೆಳಗ್ಗೆ ಎದ್ದು ನೋಡಿದರೆ ಹಿತ್ತಲಲ್ಲಿ ಅತ್ತೆ ಕೂತಿದ್ದಾರೆ. ಪಕ್ಕದಲ್ಲಿ ಇಂಪನಾ. ಅಜ್ಜಿ ನೆನೆಸಿದ ಅವರೆಕಾಳನ್ನು ಎರಡು ಬೆರಳಲ್ಲಿ ಹಿದುಕಿ ತೋರಿಸುತ್ತಿದ್ದರು, ಮೊಮ್ಮಗಳು ಹಿದುಕಿದರೆ ಬೇಳೆ ಹಾರಿ ಬಾವಿಕಟ್ಟೆಗೆ ಬೀಳುತ್ತಿತ್ತು. ಹನ್ನೊಂದಕ್ಕೆ ಸಾರು ಕುದಿಯಲು ಶುರುವಾಯಿತು. ಹನ್ನೆರಡೂವರೆಗೆ ನಾನು ಮುದ್ದೆ ತೊಳಸುತ್ತಿದ್ದಾಗ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಸೊಂಟದ ಚೀಲವನ್ನು ಬಿಚ್ಚಿ ನನ್ನ ಕಡೆ ಚಾಚಿದರು. "ಅಟ್ಟದ ಮೇಲಿಡು. ನನ್ ಕೈಗೆ ಸಿಗದ ಹಂಗೆ" ಎಂದರು. ಅರವತ್ತು ವರ್ಷ ಕಟ್ಟಿಕೊಂಡ ಜಾಗದಲ್ಲಿ ಸೊಂಟದ ಚರ್ಮದ ಬಣ್ಣವೇ ಬೇರೆಯಾಗಿತ್ತು.

ಬಾಗಿಲು ತೆರೆದಿಟ್ಟು, ಮಣೆ ಹಾಕಿ, ನಾಲ್ವರೂ ಗೋಡೆಗೊರಗಿ ಕೂತೆವು. ನಮ್ಮ ಬೀದಿಯ ತುದಿಯಲ್ಲಿ ದರ್ಜಿ ನಂಜುಂಡಯ್ಯನವರ ಅಂಗಡಿ. ಭಾನುವಾರವೂ ಹೊಲಿಯುವ ಮನುಷ್ಯ. ಅವರ ಮಿಷನ್ನಿನ ಸದ್ದು ನಿಂತರೆ ಹಸಿವು ಬೀದಿಗೆ ಕಾಲಿಟ್ಟಿತೆಂದೇ ಲೆಕ್ಕ. ಟರಟರ ಎನ್ನುತ್ತಿದ್ದದ್ದು ನಿಂತಿತು. ಅತ್ತೆ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಬೀದಿಯಲ್ಲಿ ನಮಗಿಂತ ಮೇಲಿನ ಮನೆಯಲ್ಲಿ ತಟ್ಟೆ ಹಾಕಿದ ಸದ್ದು. ಆಮೇಲೆ ನಮ್ಮ ಬಾಗಿಲ ಹೊರಗೆ ಏನೂ ಇಲ್ಲ, ಬಿಸಿಲು ಮಾತ್ರ. ಅಷ್ಟರಲ್ಲಿ ನಮ್ಮಿಂದ ಕೆಳಗಿನ ಮನೆಯ ಮುದುಕ "ಬಂತು, ಬಡಿಸ್ರವ್ವ" ಎಂದು ಸೊಸೆಯನ್ನು ಕೂಗಿದ್ದು ಕೇಳಿಸಿತು.

ಅದು ನಮ್ಮನ್ನು ದಾಟಿ ಹೋಗಿತ್ತು. ರೂಢಿಯ ಮೇಲೆ, ಒಮ್ಮೆ ತಿರುಗಿಯೂ ನೋಡದೆ ಹೋಗಿತ್ತು. ನನ್ನ ಗಂಡ ತಲೆ ತಗ್ಗಿಸಿದರು. ಇಂಪನಾ ನನ್ನ ಮುಖ ನೋಡಿ, "ಪರವಾಗಿಲ್ಲಮ್ಮ, ನಾನು ಗಡಿಯಾರ ನೋಡಿ ಉಣ್ತೀನಿ" ಎಂದಳು. ಅವಳು ನನ್ನನ್ನು ಸಮಾಧಾನ ಮಾಡುತ್ತಿದ್ದಳು. ನನಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

ಅತ್ತೆ ನನ್ನ ಮೊಣಕೈ ಬಿಟ್ಟರು. ಗೋಡೆ ಹಿಡಿದು ಎದ್ದರು. ಮಂಡಿನೋವಿನವರು ಹೇಗೆ ಅಷ್ಟು ಬೇಗ ಹೊಸ್ತಿಲು ದಾಟಿದರೋ ಗೊತ್ತಿಲ್ಲ. ಬೀದಿಯ ನಡುವೆ ನಿಂತು, ಬಿಸಿಲಿಗೆ ಕೈ ಅಡ್ಡ ಹಿಡಿದು, ಕೆಳಗಿನ ಮನೆಯ ಕಡೆ ತಿರುಗಿ ಕೂಗಿದರು.

"ಏಯ್! ಇಲ್ಲಿ ಬಾ. ನಾನು ಹೊಂಬಾಳಿ. ಗುರುತು ಸಿಗ್ಲಿಲ್ವಾ? ಒಳಕ್ಕೆ ಬಾ. ಈ ಸಲ ಅಡುಗೆ ಮಾಡಿಟ್ಟಿದ್ದೀನಿ."

ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಅತ್ತೆ ಯಾರ ಕಡೆಗೂ ನೋಡಲಿಲ್ಲ. ಅತಿಥಿಗೆ ದಾರಿ ಬಿಡುವ ಹಾಗೆ ಬಾಗಿಲ ಪಕ್ಕಕ್ಕೆ ಸರಿದು ನಿಂತು, ಆಮೇಲೆ ಅದರ ಹಿಂದೆಯೇ ಎನ್ನುವ ಹಾಗೆ ಮೆಲ್ಲಗೆ ಒಳಗೆ ಬಂದರು. ಮಣೆ ಕಿರ್ ಎಂದಿತು. ಅದುವರೆಗೂ ಮನೆಯಲ್ಲಿದ್ದ ಸಾರಿನ ಪರಿಮಳ ನನ್ನ ಮೂಗಿಗೆ ಆಗಷ್ಟೇ ಬಡಿಯಿತು. ಬೆಳ್ಳುಳ್ಳಿ ಬೇರೆ, ಅವರೆಯ ಸೊಗಡು ಬೇರೆ, ತುಪ್ಪ ಬೇರೆ. ಬಾಯಲ್ಲಿ ನೀರೂರಿತು. ಮರೆತೇಹೋಗಿದ್ದ ಗೆಳತಿಯೊಬ್ಬಳು ಬಂದು ಹೆಗಲು ತಟ್ಟಿದ ಹಾಗಾಯಿತು ನನಗೆ.

ಇಂಪನಾ ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು. ಕಣ್ಣು ಅಗಲವಾಗಿತ್ತು. "ಅಮ್ಮಾ, ಇಲ್ಲಿ ಯಾರೋ ಕರೀತಿರೋ ಹಂಗಿದೆ" ಎಂದಳು. ಮರುಕ್ಷಣವೇ, "ಬೇಗ ಹಾಕಮ್ಮ, ಬೇಗ!"

ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ನಾವು ಮೂವರೂ ಅವಳನ್ನೇ ನೋಡುತ್ತಿದ್ದೆವು. ನುಂಗಿದಳು. ಇನ್ನೊಂದು ತುತ್ತು. ಆಮೇಲೆ ಹುಬ್ಬು ಗಂಟಿಕ್ಕಿ, "ಅಮ್ಮ, ಉಪ್ಪು ಒಂಚೂರು ಕಮ್ಮಿ" ಎಂದಳು. ನಾನು ಅಳುತ್ತಲೇ ಉಪ್ಪಿನ ಡಬ್ಬಿ ಹುಡುಕಿದೆ. ನನ್ನ ಗಂಡ ಅವತ್ತು ಕೂತು ಉಂಡರು. ಎರಡು ಮುದ್ದೆ ಮುಗಿಸಿದರು. ಇಂಪನಾ ಒಂದೂವರೆ ಮುದ್ದೆಗೆ ಕೈ ತಡೆದು ತನ್ನ ತಟ್ಟೆಯನ್ನೇ ಆಶ್ಚರ್ಯದಿಂದ ನೋಡಿದಳು. "ಸಾಕು" ಎಂದಳು. ಯಾರೂ ಅವಳ ಭುಜ ಮುಟ್ಟಿರಲಿಲ್ಲ.

ಅತ್ತೆ ಇನ್ನೂ ಉಂಡಿರಲಿಲ್ಲ. ಮಣೆಯ ಎದುರು ಕೂತು ಅದನ್ನೇ ದಿಟ್ಟಿಸುತ್ತಿದ್ದರು. ನಾನು ತಟ್ಟೆ ತಂದಿಟ್ಟೆ. ಅವರು ಮೊದಲ ತುತ್ತು ತೆಗೆದು ತಟ್ಟೆಯ ಅಂಚಿನಲ್ಲಿ ಬೇರೆಯಾಗಿ ಇಟ್ಟರು. ಸಣ್ಣ ಮಗುವಿನ ಬಾಯಿಗೆ ಹಿಡಿಸುವಷ್ಟು ಸಣ್ಣ ತುತ್ತು. ಎರಡನೆಯದನ್ನು ತಾವು ಉಂಡರು. ನಿಧಾನವಾಗಿ, ಪ್ರತಿ ತುತ್ತಿಗೂ ಮಣೆಯ ಕಡೆ ನೋಡುತ್ತಾ ಒಂದು ಮುದ್ದೆ ಉಂಡರು. ಕೊನೆಗೆ ಅಂಚಿನಲ್ಲಿಟ್ಟಿದ್ದ ತುತ್ತನ್ನೂ ತೆಗೆದು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು.

ಮಣೆ ಮತ್ತೆ ಕಿರ್ ಎಂದಿತು. ಅತ್ತೆ ಎಂಜಲು ಕೈಯಲ್ಲೇ ಎದ್ದು ಬಾಗಿಲಿಗೆ ಹೋದರು. ಬೀದಿಯ ತಿರುವಿನವರೆಗೂ ಏನನ್ನೋ ಕಣ್ಣಲ್ಲೇ ಹಿಂಬಾಲಿಸಿದರು. ದೂರದಲ್ಲಿ ನಂಜುಂಡಯ್ಯನವರ ಮಿಷನ್ನು ಮತ್ತೆ ಶುರುವಾಯಿತು.

"ಹೋಯ್ತು ಕಣೇ ಮುಕ್ತಾ" ಎಂದರು. ಅವರ ಧ್ವನಿ ಎಂಟು ವರ್ಷದ ಹುಡುಗಿಯದಾಗಿತ್ತು. "ಉಂಡ್ಮೇಲೆ ತಾನಾಗೇ ಹೋಯ್ತು."

ಇಂಪನಾ ಹೋಗಿ ಅಜ್ಜಿಯ ಸೆರಗು ಹಿಡಿದು ನಿಂತಳು. "ನಾಳೆ ಬರುತ್ತಾ ಅಜ್ಜಿ?"

"ಬರ್ತದೆ" ಎಂದರು ಅತ್ತೆ. ಖಾಲಿ ಸೊಂಟವನ್ನು ಒಮ್ಮೆ ಮುಟ್ಟಿ ನೋಡಿಕೊಂಡು, "ಬರ್ಲಿ" ಎಂದರು.